ಶಂಖದ ಹುಳಕ್ಕೆ ಸ್ಪ್ರೇ ಯಾಕೆ ಹೊಡೆಯಲ್ಲ?

ಮಳೆ ಶುರುವಾದ್ರೆ ಸಾಕು, ನನಗೆ ಬರೋ ಫೋನ್‌ಗಳೇ ಬದಲಾಗುತ್ತವೆ. ಬೇಸಿಗೆಯಲ್ಲಿ ಜಿರಳೆ, ತಿಗಣೆ. ಜೂನ್ ಬಂತೆಂದರೆ, "ಸಾರ್, ಕಾಂಪೌಂಡ್ ತುಂಬಾ ಶಂಖದ ಹುಳ, ಬಂದು ಸ್ಪ್ರೇ ಹೊಡೀತೀರಾ?" ನಾನು ಬೆಂಗಳೂರಿನಲ್ಲಿ ಪೆಸ್ಟ್ ಕಂಟ್ರೋಲ್ ಕೆಲಸ ಮಾಡೋನು. ನನ್ನ ಉತ್ತರ ಒಂದೇ: ಹೊಡೆಯಲ್ಲ, ಹೊಡೆದ್ರೂ ಪ್ರಯೋಜನ ಇಲ್ಲ.

ಬಸವನಹುಳು ಅಂತ ಹೆಸರಲ್ಲಿ ಹುಳು ಇದೆ ಅಷ್ಟೇ. ಅದು ಕೀಟ ಅಲ್ಲ, ಮೃದ್ವಂಗಿ. ಕೀಟನಾಶಕಗಳು ಕೀಟಗಳಿಗಾಗಿಯೇ ತಯಾರಾದವು. ನೀವು ಹೊಡೆಸಿದ ಸ್ಪ್ರೇಗೆ ಜೇನ್ನೊಣ, ಇರುವೆ, ಜೀರುಂಡೆ ಸಾಯುತ್ತವೆ. ಇದು ಚಿಪ್ಪಿನೊಳಗೆ ಆರಾಮಾಗಿರುತ್ತೆ.

ಇದರ ಊರು ಪೂರ್ವ ಆಫ್ರಿಕಾ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಚಿಪ್ಪುಪ್ರಾಣಿ ತಜ್ಞ ಮಾರಿಷಸ್‌ನಿಂದ ಕಲ್ಕತ್ತಾಗೆ ಇದನ್ನ ತಂದ. ಅಲ್ಲಿಂದ ಹರಡುತ್ತಾ ಹೋಯ್ತು. ಒಂದೇ ಜೀವದಲ್ಲಿ ಗಂಡೂ ಹೆಣ್ಣೂ ಎರಡೂ ಇರೋದ್ರಿಂದ ಪ್ರತಿಯೊಂದೂ ಮೊಟ್ಟೆ ಇಡಬಲ್ಲದು, ಒಂದು ಸಲಕ್ಕೆ ನೂರಕ್ಕೂ ಹೆಚ್ಚು. ಬಿಸಿಲು ಜಾಸ್ತಿಯಾದ್ರೆ ಚಿಪ್ಪಿನ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಮಲಗುತ್ತೆ. "ಹೋದ ವರ್ಷ ಎಲ್ಲಾ ಹೋಗಿತ್ತು ಸಾರ್" ಅಂತಾರೆ ಜನ. ಹೋಗಿರಲಿಲ್ಲ, ನಿದ್ದೆ ಮಾಡ್ತಿತ್ತು. ಸುಣ್ಣ ಬಳಿದ ಗೋಡೆ ಹತ್ತೋದು ಯಾಕೆ ಗೊತ್ತಾ? ಚಿಪ್ಪು ಬೆಳೆಯೋಕೆ ಕ್ಯಾಲ್ಸಿಯಂ ಬೇಕು, ಗೋಡೆ ಕೆರೆದು ತಿನ್ನುತ್ತೆ!

ಇದಕ್ಕೆ ಔಷಧ ಇಲ್ಲವೇ ಇಲ್ಲ ಅಂತಲ್ಲ. ಮೆಟಾಲ್ಡಿಹೈಡ್ ಗುಳಿಗೆ ಇದೆ. ಅದರ ಬಗ್ಗೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮನೆಯ ತೋಟದಲ್ಲಿ ಅದನ್ನ ಭತ್ತ ಚೆಲ್ಲಿದ ಹಾಗೆ ಚೆಲ್ಲಿ ಬಂದೆ. ಹುಳು ಆಕರ್ಷಿಸೋಕೆ ಅದರಲ್ಲಿ ತೌಡು, ಧಾನ್ಯದ ಹಿಟ್ಟು ಬೆರೆಸಿರುತ್ತಾರೆ, ನಾಯಿಗೂ ಅದು ತಿಂಡಿಯೇ. ರಾತ್ರಿ ಫೋನ್ ಬಂತು, ನಾಯಿ ಗಡಗಡ ನಡುಗುತ್ತಿದೆ ಅಂತ. ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ತಕ್ಷಣ ಪಶುವೈದ್ಯರ ಹತ್ತಿರ ಹೋಗಿದ್ದಕ್ಕೆ ಬದುಕಿತು. ಆ ಮನೆಯವರು ನನ್ನನ್ನ ಮತ್ತೆ ಕರೆಯಲಿಲ್ಲ, ಕರೆಯಬಾರದಿತ್ತು ಕೂಡ. ಈಗ ತೀರಾ ಅನಿವಾರ್ಯವಾದ್ರೆ ಮಾತ್ರ, ಮುಚ್ಚಿದ ಡಬ್ಬಿಯೊಳಗೆ ಇಡ್ತೀನಿ. ಜೋರು ಮಳೆಯಲ್ಲಿ ಅದೂ ವ್ಯರ್ಥ. ವಿಷ ತಿಂದ ಹುಳು ಮೈಯ ನೀರು ಕಳೆದುಕೊಂಡು ಸಾಯಬೇಕು, ಆದರೆ ಮಳೆನೀರು ಕುಡಿದು ಚೇತರಿಸಿಕೊಳ್ಳುತ್ತೆ.

ಹಾಗಾದ್ರೆ ಏನು ಮಾಡೋದು? ಬೋರಿಂಗ್ ಉತ್ತರ: ಕೈಯಲ್ಲಿ ಆರಿಸೋದು. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ, ಕೋಸಿನ ಎಲೆ ಹಾಕಿಡಿ. ಬೆಳಗಾಗುವಷ್ಟರಲ್ಲಿ ಅಲ್ಲೇ ಗುಂಪು ಸೇರಿರುತ್ತವೆ. ಗ್ಲೌಸ್ ಹಾಕಿ ಎತ್ತಿ, ಗಟ್ಟಿ ಉಪ್ಪುನೀರಿನ ಬಕೆಟ್‌ಗೆ ಹಾಕಿ, ಆಮೇಲೆ ಆಳವಾಗಿ ಹೂಳಿ. ಉಪ್ಪನ್ನ ಮಣ್ಣಿಗೇ ಸುರಿಯಬೇಡಿ, ಗಿಡ ಹಾಳು. ಗ್ಲೌಸ್ ವಿಷಯ ತಮಾಷೆ ಅಲ್ಲ. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯೋ ಒಂದು ಹುಳದ ಮರಿಗಳು ಇದರ ಮೈಯಲ್ಲಿರಬಹುದು, ಅವು ನಮ್ಮ ಹೊಟ್ಟೆ ಸೇರಿದ್ರೆ ಮಿದುಳಿನ ಪೊರೆಗೆ ಉರಿಯೂತ ತರಬಹುದು. ಮಕ್ಕಳಿಗೆ ಆಟಕ್ಕೆ ಕೊಡಬೇಡಿ, ಸೊಪ್ಪು ಚೆನ್ನಾಗಿ ತೊಳೆಯಿರಿ.

"ಇದನ್ನ ತಿನ್ನೋ ಪ್ರಾಣಿ ಬಿಟ್ರೆ ಆಯ್ತಲ್ಲ?" ಅಂತ ಕೆಲವರು ಕೇಳ್ತಾರೆ. 1955ರಲ್ಲಿ ಹವಾಯಿಯಲ್ಲಿ ಬಿಟ್ಟರು, ಇನ್ನೊಂದು ಜಾತಿಯ ಬೇಟೆಗಾರ ಬಸವನಹುಳು. ಅದು ಸ್ಥಳೀಯ ಪುಟ್ಟ ಬಸವನಹುಳುಗಳನ್ನ ತಿಂದು ಮುಗಿಸತೊಡಗಿತು, ಆಫ್ರಿಕನ್ ಹುಳು ಹಾಗೇ ಉಳೀತು.

ಗೆದ್ದ ಉದಾಹರಣೆ ಅಮೆರಿಕದ ಫ್ಲೋರಿಡಾ. ಮಯಾಮಿ ಕಡೆ 2011ರಲ್ಲಿ ಕಂಡಿದ್ದನ್ನ, ಮೂಸಿ ಪತ್ತೆಮಾಡೋ ಲ್ಯಾಬ್ರಡಾರ್ ನಾಯಿಗಳನ್ನೂ ಬಳಸಿ, ಲಕ್ಷಕ್ಕೂ ಹೆಚ್ಚು ಹುಳು ಹಿಡಿದು, 2021ರಲ್ಲಿ ಮುಗೀತು ಅಂತ ಘೋಷಿಸಿದರು. ಮರುವರ್ಷವೇ ಅದೇ ರಾಜ್ಯದ ಇನ್ನೊಂದು ಕೌಂಟಿಯಲ್ಲಿ ಮತ್ತೆ ಕಾಣಿಸಿತು.

ನರ್ಸರಿಯಿಂದ ಹೊಸ ಗಿಡ ತಂದ್ರೆ ಕುಂಡದ ಮಣ್ಣನ್ನ ಒಮ್ಮೆ ಕೆದಕಿ ನೋಡಿ. ಕೆನೆ ಬಣ್ಣದ, ಕಾಳಿನಂಥ ಮೊಟ್ಟೆಗಳ ಗುಂಪು ಸಿಕ್ಕರೆ ಗಿಡ ಮನೆಯೊಳಗೆ ತರೋ ಮುಂಚೆಯೇ ಉಪ್ಪುನೀರಿಗೆ ಹಾಕಿ. ನನಗೆ ಫೋನ್ ಮಾಡೋ ಖರ್ಚು ಉಳಿಯುತ್ತೆ.