ಕೇಳಿದ ಬೆಲೆ, ಬಂದ ಬೆಲೆ

ಟ್ರ್ಯಾಕ್ಟರ್ ಚಿತ್ರವಿರುವ ಹಳೆಯ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ರೂಪಾಯಿ, ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಅದಕ್ಕಿಂತಲೂ ಹೆಚ್ಚು, ಕ್ರಮಸಂಖ್ಯೆಯ ಕೊನೆಗೆ 786 ಇದ್ದರಂತೂ ಕೇಳಿದಷ್ಟು. ಇಂಥ ಸುದ್ದಿಗಳು ಕೆಲವು ವರ್ಷಗಳಿಂದ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಕೆಲವು ಸುದ್ದಿತಾಣಗಳೂ ಇವನ್ನು 'ಮನೆಯಲ್ಲೇ ಕುಳಿತು ಶ್ರೀಮಂತರಾಗಿ' ಎಂಬ ಧಾಟಿಯಲ್ಲಿ ಪ್ರಕಟಿಸಿವೆ. ವೈಷ್ಣೋದೇವಿ ನಾಣ್ಯ ಹೊರಬಂದದ್ದು 2012ರಲ್ಲಿ. ನಿತ್ಯದ ಚಲಾವಣೆಗೆಂದೇ ಬಿಟ್ಟ ಆ ನಾಣ್ಯ ಇಂದಿಗೂ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಸಿಗುತ್ತದೆ. ಅದಕ್ಕೆ ಯಾರಾದರೂ ಲಕ್ಷ ರೂಪಾಯಿ ಏಕೆ ಕೊಡಬೇಕು ಎಂದು ಕೇಳುವವರು ಮಾತ್ರ ಕಡಿಮೆ.

ಹಳೆಯ ನಾಣ್ಯ ಸಂಗ್ರಹಿಸುವ ಹವ್ಯಾಸ ನನಗಿರುವುದು ಗೊತ್ತಿರುವುದರಿಂದ ಶಹಾಪುರ, ಸುರಪುರಗಳ ಕಡೆಗೆ ಹೋದಾಗಲೆಲ್ಲ ಯಾರಾದರೊಬ್ಬರು ಕರವಸ್ತ್ರದ ಗಂಟು ಬಿಚ್ಚುತ್ತಾರೆ. 'ಇದಕ್ಕ ಎಷ್ಟ್ ರೊಕ್ಕ ಬರ್ತದ್ರಿ ಸರ್?' ಎಂಬುದು ಮೊದಲ ಪ್ರಶ್ನೆ. ಇದು ಯಾವ ಕಾಲದ್ದು ಎಂಬ ಪ್ರಶ್ನೆ ಬರುವುದು ಅಪರೂಪ. ಯಾದಗಿರಿಯಲ್ಲಿ ನನ್ನ ಪರಿಚಯದ ವ್ಯಾಪಾರಿಯೊಬ್ಬರು ಇಂಥದೇ ಎರಡು ನಾಣ್ಯಗಳ ಫೋಟೊವನ್ನು ಅಂತರ್ಜಾಲದಲ್ಲಿ ಹಾಕಿದ್ದರು. ಮರುದಿನವೇ ಕರೆ ಬಂತು. ಹರಾಜಿನಲ್ಲಿ ನಿಮ್ಮ ನಾಣ್ಯ ಗೆದ್ದಿದೆ, ಹಣ ಸಿದ್ಧವಿದೆ, ನೋಂದಣಿ ಶುಲ್ಕವಷ್ಟೇ ಬಾಕಿ ಎಂದರು. ಶುಲ್ಕ ಕಟ್ಟಿದ ಮೇಲೆ ತೆರಿಗೆ, ತೆರಿಗೆಯ ಬೆನ್ನಿಗೆ ರಿಸರ್ವ್ ಬ್ಯಾಂಕಿನ ಮುದ್ರೆಯಿದ್ದ ಖೊಟ್ಟಿ ಪತ್ರ. ನಾಣ್ಯವನ್ನು ಯಾರೂ ಕೇಳಲೇ ಇಲ್ಲ. ಕೊಳ್ಳುವವನು ಸರಕು ನೋಡದೆ, ಮಾರುವವನಿಂದಲೇ ಹಣ ಕೀಳುವ ವಿಚಿತ್ರ ವ್ಯಾಪಾರ ಇದು. ರಿಸರ್ವ್ ಬ್ಯಾಂಕ್ ಈ ಬಗ್ಗೆ 2021ರ ಆಗಸ್ಟ್ 4ರಂದು ಸ್ಪಷ್ಟ ಎಚ್ಚರಿಕೆ ನೀಡಿದೆ. ಹಳೆಯ ನೋಟು, ನಾಣ್ಯಗಳ ಕ್ರಯವಿಕ್ರಯದಲ್ಲಿ ತಾನು ತೊಡಗುವುದಿಲ್ಲ, ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದಿದೆ. ಆದರೂ ಕರೆಗಳು ನಿಂತಿಲ್ಲ.

ಇದನ್ನು ಬರಿಯ ದುರಾಸೆಯ ಫಲವೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲಿ ಕಾಣೆಯಾಗಿರುವುದು ಮಾಹಿತಿ, ಅದರಲ್ಲೂ ಒಂದು ನಿರ್ದಿಷ್ಟ ಬಗೆಯ ಮಾಹಿತಿ. ಹಳೆಯ ವಸ್ತುವಿಗೆ ಕೇಳಿದ ಬೆಲೆ ಬೇರೆ, ಬಂದ ಬೆಲೆ ಬೇರೆ. ಐದು ರೂಪಾಯಿ ನೋಟಿನ ಚಿತ್ರದ ಕೆಳಗೆ ಹತ್ತು ಲಕ್ಷ ಎಂದು ಬರೆಯಲು ಯಾರಿಗೂ ಖರ್ಚಿಲ್ಲ. ಆ ಬೆಲೆಗೆ ಅದು ಮಾರಾಟವಾಯಿತೇ ಎಂಬುದನ್ನು ತೋರಿಸುವುದು ಹರಾಜು ಮಾತ್ರ.

ಅಂತರ್ಜಾಲದ ಹರಾಜು ಹುಟ್ಟಿದ್ದು 1995ರಲ್ಲಿ, ಅಮೆರಿಕದಲ್ಲಿ. ಮುಂದೆ ಇಬೇ ಎಂದು ಹೆಸರಾದ ಆ ತಾಣದಲ್ಲಿ ಮೊದಲು ಬಿಕರಿಯಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಕೆಟ್ಟದ್ದೆಂದು ತಿಳಿದೇ ಕೊಂಡವನಿದ್ದ! ಅದರ ಕ್ರಮ ಸರಳ. ನಾನು 800 ರೂಪಾಯಿವರೆಗೆ ಸಿದ್ಧ ಎಂದು ಗುಟ್ಟಾಗಿ ತಿಳಿಸಿರುತ್ತೇನೆ, ಎದುರಾಳಿ 500ಕ್ಕೆ ನಿಲ್ಲುತ್ತಾನೆ, ವಸ್ತು ನನಗೆ 500ಕ್ಕಿಂತ ತುಸು ಹೆಚ್ಚಿಗೆ ದಕ್ಕುತ್ತದೆ. ಅಂದರೆ ಇಲ್ಲಿ ಬೆಲೆ ಕಟ್ಟುವವನು ಗೆದ್ದವನಲ್ಲ, ಸೋತವನು. ಒಂದು ವಸ್ತುವಿಗೆ ಬೆಲೆ ಏರಬೇಕಾದರೆ ಅದು ಬೇಕೆನ್ನುವವರು ಕನಿಷ್ಠ ಇಬ್ಬರಿರಬೇಕು. ನಮ್ಮ ಅಡತಿಗಳ ಮುಂದೆ ತೊಗರಿಯ ರಾಶಿಗೆ ಲಿಲಾವು ಕೂಗುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ರಾಜ್ಯದ ಕೃಷಿ ಮಾರುಕಟ್ಟೆಗಳಲ್ಲಿ 2014ರಿಂದ ಆ ಲಿಲಾವೂ ಕಂಪ್ಯೂಟರಿಗೆ ಏರತೊಡಗಿತು. ಅಲ್ಲಿ ರಾಶಿ ಕಣ್ಣೆದುರಿಗಿರುತ್ತದೆ, ತಕ್ಕಡಿಯಿರುತ್ತದೆ, ಅಡತಿಯವನ ಮುಖ ಪರಿಚಿತವಾಗಿರುತ್ತದೆ.

ಭಾರತದಲ್ಲಿ 2000ದ ಸುಮಾರಿಗೆ ಬಾಝೀ ಎಂಬ ತಾಣ ಇದೇ ಬಗೆಯ ಹರಾಜು ನಡೆಸುತ್ತಿತ್ತು. 2004ರಲ್ಲಿ ಇಬೇ ಅದನ್ನು ಕೊಂಡಿತು. ಆಗ ನಾಣ್ಯ, ಅಂಚೆಚೀಟಿ, ಹಳೆಯ ಕ್ಯಾಮೆರಾಗಳಿಗೆ ಮುಗಿದ ಹರಾಜಿನ ಬೆಲೆ ಎಷ್ಟೆಂಬುದನ್ನು ಯಾರು ಬೇಕಾದರೂ ನೋಡಬಹುದಿತ್ತು. ಮಾರುವವನ ನಡತೆಗೆ ಹಿಂದಿನ ಗ್ರಾಹಕರು ಕೊಟ್ಟ ಅಂಕಗಳೂ ಕಾಣುತ್ತಿದ್ದವು. 2017ರಲ್ಲಿ ಅದರ ಭಾರತದ ವಹಿವಾಟು ಫ್ಲಿಪ್‌ಕಾರ್ಟ್ ಪಾಲಾಯಿತು, 2018ರ ಆಗಸ್ಟ್‌ನಲ್ಲಿ ತಾಣ ಮುಚ್ಚಿತು. ಇಂದು ಪರವಾನಗಿ ಪಡೆದ ನಾಣ್ಯ ಹರಾಜು ಸಂಸ್ಥೆಗಳು ಮುಂಬೈ, ಬೆಂಗಳೂರು, ಅಹಮದಾಬಾದುಗಳಲ್ಲಿವೆ. ಅವು ಅಂತರ್ಜಾಲದಲ್ಲೂ ಸವಾಲು ಸ್ವೀಕರಿಸುತ್ತವೆ, ಬಂದ ಬೆಲೆಗಳನ್ನು ಪ್ರಕಟಿಸುತ್ತವೆ. ಆದರೆ ಅವು ಆಯ್ದ ಸರಕಿನ, ಬಲ್ಲವರ ಮಾರುಕಟ್ಟೆ. ಸಾಮಾನ್ಯನಿಗೆ ಉಳಿದದ್ದು ವರ್ಗೀಕೃತ ಜಾಹೀರಾತಿನ ತಾಣಗಳು. ಅಲ್ಲಿ ಕಾಣುವುದು ಕೇಳಿದ ಬೆಲೆಯೊಂದೇ. ಈ ಖಾಲಿ ಜಾಗದಲ್ಲಿಯೇ ವಂಚಕರು ಅಂಗಡಿ ತೆರೆದಿದ್ದಾರೆ.

ನಮ್ಮ ಭಾಗದಲ್ಲಿ ಈ ಗಾಳಕ್ಕೆ ಸಿಲುಕುವವರು ಹೆಚ್ಚಿರುವುದಕ್ಕೆ ಚರಿತ್ರೆಯ ಕಾರಣವೂ ಇದೆ. ಇಲ್ಲಿನ ಹಳೆಯ ಮನೆಗಳಲ್ಲಿ ನಿಜವಾಗಿಯೂ ಹಳೆಯ ನಾಣ್ಯಗಳಿವೆ. ಸುರಪುರದ ದೊರೆ ವೆಂಕಟಪ್ಪನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಮಡಿದ ಮೇಲೆ ಸಂಸ್ಥಾನ ಅವರ ವಶವಾಯಿತು, 1860ರಲ್ಲಿ ನಿಜಾಮನಿಗೆ ಸಂದಿತು. ಹೈದರಾಬಾದಿಗೆ ತನ್ನದೇ ರೂಪಾಯಿಯಿತ್ತು, ಅದು ಹಾಲಿ ಸಿಕ್ಕಾ. ಬ್ರಿಟಿಷ್ ರೂಪಾಯಿಯನ್ನು ಜನ ಕಲ್ದಾರ ಎನ್ನುತ್ತಿದ್ದರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರದ ಲೆಕ್ಕ. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಮುಗಿದ ಮೇಲೂ ಹಾಲಿ ಸಿಕ್ಕಾ ಐವತ್ತರ ದಶಕದಲ್ಲಿ ಸ್ವಲ್ಪ ಕಾಲ ಕೈಬದಲಾಗುತ್ತಲೇ ಇತ್ತು. ಹೀಗಾಗಿ ಒಂದೇ ಡಬ್ಬಿಯಲ್ಲಿ ವಿಕ್ಟೋರಿಯಾ ರಾಣಿಯೂ ಚಾರ್‌ಮಿನಾರೂ ಒಟ್ಟಿಗೆ ಮಲಗಿರುವುದುಂಟು.

ಚಾರ್‌ಮಿನಾರ್ ಚಿತ್ರದ ರೂಪಾಯಿಯನ್ನು ಕಂಡರೆ ಮೊದಲು ಅದರ ನಡುವಿನ ಬಾಗಿಲನ್ನು ನೋಡಬೇಕು. ಅಲ್ಲೊಂದು ಉರ್ದು ಅಕ್ಷರವಿರುತ್ತದೆ. 'ಮೀಮ್' ಇದ್ದರೆ ಅದು ಮೆಹಬೂಬ್ ಅಲಿ ಖಾನ್ ಕಾಲದ್ದು, 'ಐನ್' ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನ್ ಕಾಲದ್ದು. ವರ್ಷ ಹಿಜರಿ ಶಕೆಯಲ್ಲಿರುತ್ತದೆ. 1330 ಎಂದಿದ್ದರೆ ಹೆಚ್ಚುಕಡಿಮೆ 1912. ನಾಣ್ಯದ ತೂಕ ಹನ್ನೊಂದು ಗ್ರಾಮಿಗೆ ತುಸು ಹೆಚ್ಚು, ಅದರಲ್ಲಿ ಬೆಳ್ಳಿ ಶೇ 82ರಷ್ಟು. ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ಕಲಿತ ಹಿರಿಯರು ಇದನ್ನೆಲ್ಲ ಕನ್ನಡಕವಿಲ್ಲದೆ ಓದುತ್ತಿದ್ದರು. ಆ ತಲೆಮಾರು ಈಗ ಬಹುತೇಕ ಇಲ್ಲ. ಮೊಮ್ಮಕ್ಕಳಿಗೆ ನಾಣ್ಯ ಬಂದಿದೆ, ಓದು ಬಂದಿಲ್ಲ.

ಹಳೆಯದೆಲ್ಲ ಅಪರೂಪವಲ್ಲ ಎಂಬುದನ್ನೂ ಹೇಳಬೇಕು. ಕಲಬುರಗಿ ಬಹಮನಿಗಳ ಮೊದಲ ರಾಜಧಾನಿ. ಆ ಅರಸರ ತಾಮ್ರದ ನಾಣ್ಯಗಳಿಗೆ ಐದಾರು ನೂರು ವರ್ಷಗಳಾಗಿವೆ, ಆದರೂ ಸಾಮಾನ್ಯ ಬಗೆಯವು ಸಂಗ್ರಾಹಕರಿಗೆ ಸುಲಭವಾಗಿಯೇ ಸಿಗುತ್ತವೆ. ಅದಕ್ಕಿಂತ ಬಹಳ ಈಚಿನ, ಕಡಿಮೆ ಸಂಖ್ಯೆಯಲ್ಲಿ ಟಂಕಿಸಿದ ನಾಣ್ಯ ಹೆಚ್ಚು ಬೆಲೆ ತರಬಹುದು. ನಮ್ಮ ಮನೆಗಳಲ್ಲಿ ಹಬ್ಬ ಬಂತೆಂದರೆ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳ್ಳಿ ಹೊಳೆಯಿಸುವ ಪದ್ಧತಿಯಿದೆ. ದೇವರ ಜಗಲಿಗೆ ಅದು ಚೆಂದ. ಆದರೆ ಸಂಗ್ರಾಹಕನ ಕಣ್ಣಿನಲ್ಲಿ ತಿಕ್ಕಿದ ನಾಣ್ಯ ಅರ್ಧ ಸತ್ತಂತೆ.

ಕಾನೂನಿನ ಮಾತೂ ಇದೆ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಮೆಹಬೂಬ್ ಕಾಲದ ರೂಪಾಯಿಗಳೆಲ್ಲ ಈಗ ಆ ಗೆರೆ ದಾಟಿವೆ. ಇಂಥವುಗಳ ಮಾರಾಟವನ್ನೇ ವ್ಯವಹಾರವಾಗಿಸಿಕೊಳ್ಳಲು ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ನೆಲದಲ್ಲಿ ಸಿಕ್ಕಿದ್ದಾದರೆ ಅದು ನಿಧಿ. ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಹಳೆಯ ಗುಡಿಗಳ ಗರ್ಭಗುಡಿಯನ್ನೇ ಅಗೆಯುವ ನಿಧಿಗಳ್ಳರ ಕಾಟ ಕಂಡ ಉತ್ತರ ಕರ್ನಾಟಕಕ್ಕೆ, 'ಹಳೆಯ ನಾಣ್ಯಕ್ಕೆ ಕೋಟಿ' ಎಂಬ ಸುದ್ದಿ ಎಂಥ ಪ್ರಚೋದನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ವಂಚನೆಯಲ್ಲಿ ಹೋದ ಹಣದ ಬಗ್ಗೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬಹುದು. ತಡಮಾಡದಿದ್ದರೆ ಸ್ವಲ್ಪವಾದರೂ ಉಳಿದೀತು. ಆದರೆ ಇನ್ನೊಂದು ನಷ್ಟಕ್ಕೆ ದೂರು ಕೊಡುವ ಸ್ಥಳವಿಲ್ಲ. ಲಕ್ಷ ಬರುತ್ತದೆಂದು ಕಾದು, ಬಾರದೆ ಬೇಸತ್ತವರು ಕೊನೆಗೆ ಆ ಡಬ್ಬಿಯನ್ನು ಅಕ್ಕಸಾಲಿಗನ ಮುಂದೆ ಸುರಿಯುತ್ತಾರೆ. ಆತ ಬೆಳ್ಳಿಯ ತೂಕ ನೋಡಿ ಹಣ ಎಣಿಸುತ್ತಾನೆ, ಚಾರ್‌ಮಿನಾರ್ ಮೂಸೆಯಲ್ಲಿ ಕರಗಿ ಕಾಲುಂಗುರವಾಗುತ್ತದೆ. ಸುರಪುರದ ಒಂದು ಮನೆಯಲ್ಲಿ ನಾನು ನೋಡಿ ಬಂದ ಹದಿನೇಳು ರೂಪಾಯಿಗಳು ಮರುವರ್ಷ ಹೋಗುವಷ್ಟರಲ್ಲಿ ಹೀಗೇ ಮಾಯವಾಗಿದ್ದವು.

ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ ಹದಿನೈದು ವರ್ಷ ದಾಟಿದೆ. ಮೂರೂ ಊರುಗಳಲ್ಲಿ ಪದವಿ ಕಾಲೇಜುಗಳಿವೆ, ಇತಿಹಾಸದ ಅಧ್ಯಾಪಕರಿದ್ದಾರೆ. ತಿಂಗಳಿಗೊಂದು ದಿನ ಕಾಲೇಜಿನ ಒಂದು ಕೋಣೆಯಲ್ಲಿ ತಕ್ಕಡಿ, ಭೂತಗನ್ನಡಿ, ಉರ್ದು ಬಲ್ಲ ಒಬ್ಬರು ಇದ್ದರೆ ಸಾಕು. ಜನ ನಾಣ್ಯ ತರಲಿ, ಅದು ಯಾರದು, ಯಾವ ವರ್ಷದ್ದು, ಹರಾಜಿನಲ್ಲಿ ಅಂಥದಕ್ಕೆ ನಿಜವಾಗಿ ಬಂದ ಬೆಲೆ ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಡಲಿ. ಮಾರುವುದೋ ಇಟ್ಟುಕೊಳ್ಳುವುದೋ ಮನೆಯವರಿಗೆ ಬಿಟ್ಟದ್ದು. ಆ ಚೀಟಿಯ ಪ್ರತಿಯೊಂದು ಕಾಲೇಜಿನಲ್ಲಿ ಉಳಿದರೆ, ಯಾವ ಊರಿನಲ್ಲಿ ಎಂಥ ಹಣ ಓಡಾಡಿತ್ತು ಎಂಬ ಪಟ್ಟಿಯೂ ತಾನಾಗಿ ಬೆಳೆಯುತ್ತದೆ.