ಸಿಂಗಪುರದ 22 ಸಸಿಗಳು

ರಜೆಗೆ ಸಿಂಗಪುರಕ್ಕೆ ಹೊರಟ ಮಕ್ಕಳ ಪಟ್ಟಿಯಲ್ಲಿ ಮೃಗಾಲಯ ಇರುತ್ತದೆ, ಸೆಂಟೋಸಾ ದ್ವೀಪ ಇರುತ್ತದೆ. ಸಸ್ಯೋದ್ಯಾನ ಸೇರುವುದು ಅಪ್ಪನ ಒತ್ತಾಯಕ್ಕೆ. ಅದೂ ಆರ್ಕಿಡ್ ಹೂಗಳ ಮುಂದೆ ಫೋಟೊ ತೆಗೆಸಿಕೊಳ್ಳುವಷ್ಟು ಹೊತ್ತು ಮಾತ್ರ. ಉದ್ಯಾನಕ್ಕೆ ಪ್ರವೇಶ ಉಚಿತ. ಆರ್ಕಿಡ್ ತೋಟಕ್ಕೆ ಟಿಕೆಟ್ ಇದೆ. ಹೂ ನೋಡಲೇಬೇಕು, ಬೇಡವೆಂದವರಾರು? ಆದರೆ 1859ರಲ್ಲಿ ಶುರುವಾದ ಈ ತೋಟ 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಲು ಇಲ್ಲಿ ನಡೆದ ರಬ್ಬರ್ ಸಂಶೋಧನೆಯೂ ಒಂದು ಮುಖ್ಯ ಕಾರಣ.

ರಬ್ಬರ್ ಮರದ ತವರು ಅಮೆಜಾನ್ ಕಾಡು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲ್‌ನಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಮೂರು ಸಾವಿರಕ್ಕಿಂತ ಕಡಿಮೆ. ಮರುವರ್ಷ ಅವುಗಳಲ್ಲಿ 22 ಸಸಿಗಳು ಸಿಂಗಪುರ ತಲುಪಿದವು. ಬೆಳೆದು ಮರವಾದವು, ಬೀಜವನ್ನೂ ಕೊಟ್ಟವು. ಕೇಳುವವರೇ ಇಲ್ಲ!

1888ರಲ್ಲಿ ತೋಟದ ಹೊಣೆ ಹೊತ್ತ ಹೆನ್ರಿ ರಿಡ್ಲಿಗೆ ಮಾತ್ರ ಈ ಮರದ ಮೇಲೆ ಅಪಾರ ನಂಬಿಕೆ. ಮಲಯಾದ ಪ್ಲಾಂಟರುಗಳು ಆಗ ಕಾಫಿ ಬೆಳೆಯುತ್ತಿದ್ದರು. ಸಿಕ್ಕಸಿಕ್ಕವರ ಜೇಬಿಗೆ ರಬ್ಬರ್ ಬೀಜ ತುರುಕುತ್ತಿದ್ದ ಈತನಿಗೆ ಅವರು ಇಟ್ಟ ಹೆಸರು 'ಹುಚ್ಚು ರಿಡ್ಲಿ'.

ಹುಚ್ಚನ ಕೆಲಸ ಬಲು ನಾಜೂಕಿನದು. ಅಮೆಜಾನಿನಲ್ಲಿ ಕೊಡಲಿಯಿಂದ ಕಚ್ಚು ಹಾಕಿ ಹಾಲು ಇಳಿಸುತ್ತಿದ್ದರು; ಏಟು ಆಳಕ್ಕೆ ಹೋದರೆ ಮರ ಸೊರಗುತ್ತಿತ್ತು. ಒಳಗಿನ ಬೆಳೆಯುವ ಪದರಕ್ಕೆ ತಾಗದಂತೆ, ಮೀನಿನ ಮುಳ್ಳಿನ ಆಕಾರದಲ್ಲಿ ತೊಗಟೆಯನ್ನು ಓರೆಯಾಗಿ ಕೆತ್ತುವ ಕ್ರಮವನ್ನು ರಿಡ್ಲಿ ರೂಪಿಸಿದ. ಮುಂದಿನ ಸಲ ಅದೇ ಗೀರಿನ ಅಂಚನ್ನು ತೆಳುವಾಗಿ ಹೆರೆದರೆ ಸಾಕು, ಮತ್ತೆ ಹಾಲು. ಹೆರೆದಲ್ಲಿ ತೊಗಟೆ ಪುನಃ ಬೆಳೆಯುತ್ತದೆ. ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ಮುಂಜಾನೆ ಟ್ಯಾಪಿಂಗ್ ನೋಡಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಅಲ್ಲಿ ಓರೆಗೀರು ಒಂದೇ ಬದಿಗೆ, ಉಪಾಯ ಅದೇ.

ಮೊದಲು ಕಿವಿಗೊಟ್ಟವರು ಮಲಕ್ಕಾದ ಚೀನೀ ಮೂಲದ ಟಾನ್ ಚೇ ಯಾನ್. 1896ರಲ್ಲಿ ಅವರು ರಬ್ಬರ್ ತೋಟ ಹಾಕಿದರು. ಅಷ್ಟರಲ್ಲಿ ಮೋಟಾರು ಕಾರು ಬಂತು, ಟೈರಿಗೆ ರಬ್ಬರ್ ಬೇಕಾಯಿತು. ಕಾಫಿ ತೋಟಗಳೆಲ್ಲ ರಬ್ಬರ್ ತೋಟಗಳಾದವು. ದುಡಿಯಲು ಹಡಗೇರಿ ಹೋದವರು ದಕ್ಷಿಣ ಭಾರತದ, ಅದರಲ್ಲೂ ತಮಿಳುನಾಡಿನ ಬಡವರು. ಅತ್ತ, ಕಾಡುರಬ್ಬರಿನ ಹಣದಿಂದ ಅಮೆಜಾನ್ ನಡುವೆ ನಾಟಕಮಂದಿರ ಕಟ್ಟಿಸಿಕೊಂಡು ಮೆರೆದಿದ್ದ ಬ್ರೆಜಿಲಿನ ಮನೌಸ್ ಪಟ್ಟಣ 1912ರ ಹೊತ್ತಿಗೆ ಕುಸಿಯತೊಡಗಿತು. ರಿಡ್ಲಿ ಇದೆಲ್ಲವನ್ನೂ ಕಣ್ಣಾರೆ ಕಂಡ. ಆತ ತೀರಿಕೊಂಡದ್ದು 1956ರಲ್ಲಿ, ನೂರು ವರ್ಷ ತುಂಬಿದ ಮೇಲೆ.

ಹೋಗುವವರು ಬೆಳಗ್ಗೆ ಬೇಗ ಹೊರಡುವುದು ಮೇಲು. ಮಧ್ಯಾಹ್ನದ ಸೆಕೆ ಮಂಗಳೂರಿನವರನ್ನೂ ಸುಸ್ತು ಮಾಡೀತು. ಆರ್ಕಿಡ್ ನೋಡಿ ಮುಗಿದ ಮೇಲೆ ಹೋಲ್ಟಮ್ ಹಾಲ್‌ನಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ತೋಟದ ಚರಿತ್ರೆ ಇರುವುದು ಅಲ್ಲಿ.