ಎಚ್ಚರದಿಂದ ನೇರವಾಗಿ ಕನಸಿನೊಳಕ್ಕೆ

ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್ ದಾರಿ. ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ತೂಕಡಿಸುವವರನ್ನು ವಾಚಕರು ನೋಡಿಯೇ ಇರುತ್ತಾರೆ. ಸ್ವತಃ ತೂಕಡಿಸಿಯೂ ಇರುತ್ತಾರೆ. ಕಣ್ಣು ಮುಚ್ಚಿದೆ, ಆದರೆ ಕಂಡಕ್ಟರನ ಸೀಟಿ ಕಿವಿಗೆ ಬೀಳುತ್ತಲೇ ಇದೆ. ಅಷ್ಟರಲ್ಲಿ ತುಂಗಭದ್ರೆಯ ನೀರು ಬಸ್ಸಿನೊಳಕ್ಕೇ ಹರಿದು ಬಂದಂತೆ, ಎಂದೋ ತೀರಿಕೊಂಡ ಅಜ್ಜ ಪಕ್ಕದಲ್ಲಿ ಕುಳಿತು ಮಾತನಾಡಿಸಿದಂತೆ ಒಂದು ಚಿತ್ರ ಮೂಡುತ್ತದೆ. ಬಸ್ಸು ಕುಲುಕಿದೊಡನೆ ಎಲ್ಲವೂ ಮಾಯ. ಎಚ್ಚರಕ್ಕೂ ಕನಸಿಗೂ ನಡುವಣ ಹೊಸ್ತಿಲು ಇದು. ದಿನವೂ ನಾವು ಇದನ್ನು ದಾಟುತ್ತೇವೆ. ದಾಟುವಾಗ ಅರಿವನ್ನು ಮಾತ್ರ ಹೊಸ್ತಿಲಿನ ಈಚೆಗೇ ಬಿಟ್ಟು ಹೋಗುತ್ತೇವೆ. ಅದನ್ನೂ ಜೊತೆಯಲ್ಲಿ ಕೊಂಡೊಯ್ಯುವುದು ಸಾಧ್ಯವೇ?

ತಾನು ಕಾಣುತ್ತಿರುವುದು ಕನಸೆಂದು ಕನಸಿನಲ್ಲಿಯೇ ತಿಳಿದಿರುವ ಸ್ಥಿತಿಗೆ ಹಾಲೆಂಡಿನ ವೈದ್ಯ ಫ್ರೆಡರಿಕ್ ವಾನ್ ಏಡನ್ ಅವರು 1913ರಲ್ಲಿ ‘ಲೂಸಿಡ್ ಡ್ರೀಮ್’ ಎಂಬ ಹೆಸರು ಕೊಟ್ಟರು. ನಾವು ಅದನ್ನು ಅರಿವಿನ ಕನಸು ಎಂದು ಕರೆಯೋಣ. ಇಂಥ ಮಾತನ್ನು ವಿಜ್ಞಾನಿಗಳು ಬಹುಕಾಲ ನಂಬಲಿಲ್ಲ. ಮಲಗಿದವನು ಅರಿತಿದ್ದನೆಂಬುದಕ್ಕೆ ಅವನ ಮಾತಲ್ಲದೆ ಬೇರೆ ಸಾಕ್ಷಿ ಎಲ್ಲಿಯದು? ಸಾಕ್ಷಿ ದೊರೆತುದು ಕಣ್ಣಿನಿಂದ. ಕನಸುಗಳು ಹೆಚ್ಚಾಗಿ ಬೀಳುವ ನಿದ್ರೆಯಲ್ಲಿ ರೆಪ್ಪೆಗಳ ಹಿಂದೆ ಕಣ್ಣುಗುಡ್ಡೆಗಳು ಚುರುಕಾಗಿ ಹೊರಳಾಡುತ್ತವೆಂಬುದನ್ನು ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ತೋರಿಸಿದ್ದರು. ಆಗ ಕೈಕಾಲುಗಳ ಸ್ನಾಯುಗಳು ಸಂಪೂರ್ಣವಾಗಿ ಸಡಿಲವಾಗಿರುತ್ತವೆ. ಕಣ್ಣುಗಳಿಗೂ ಉಸಿರಾಟದ ವಪೆಗೂ ಮಾತ್ರ ಆ ಕಟ್ಟು ಇಲ್ಲ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಈ ಸಂಗತಿಯನ್ನೇ ಹಿಡಿದರು. 1975ರ ಏಪ್ರಿಲ್ 12ರಂದು ಅಲನ್ ವರ್ಸ್ಲಿ ಎಂಬವರು ಕಣ್ಣು ಹೊರಳುವ ನಿದ್ರೆಯಲ್ಲಿದ್ದುಕೊಂಡೇ, ಮೊದಲು ಒಪ್ಪಿಕೊಂಡಿದ್ದಂತೆ, ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಸಂಕೇತ ಕೊಟ್ಟರು. ಸ್ಟಾನ್‌ಫರ್ಡಿನ ಸ್ಟೀಫನ್ ಲಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿ 1981ರಲ್ಲಿ ಪ್ರಕಟಿಸಿದರು. 2021ರಲ್ಲಂತೂ ಅಮೆರಿಕದಲ್ಲಿ ನಿದ್ರಿಸುತ್ತಿದ್ದ ಒಬ್ಬನಿಗೆ ಎಂಟರಲ್ಲಿ ಆರು ಕಳೆದರೆಷ್ಟೆಂದು ಕೇಳಲು, ಅವನು ಕನಸಿನೊಳಗಿನಿಂದ ಕಣ್ಣನ್ನು ಎರಡು ಸಲ ಹೊರಳಿಸಿ ಸರಿಯುತ್ತರವಿತ್ತನು! ನಾಲ್ಕು ದೇಶಗಳಲ್ಲಿ ನಡೆದ ಆ ಪ್ರಯೋಗಗಳಲ್ಲಿ 158 ಸಲ ಪ್ರಶ್ನೆ ಕೇಳಿದಾಗ ಸರಿಯುತ್ತರ ಬಂದುದು ನೂರಕ್ಕೆ 18ರಷ್ಟು ಸಲ ಮಾತ್ರ ಎಂಬುದನ್ನೂ ಹೇಳಬೇಕು.

ಅರಿವಿನ ಕನಸಿಗೆ ದಾರಿಗಳು ಎರಡು. ಸಾಮಾನ್ಯವಾಗಿ ಕನಸು ನಡೆಯುತ್ತಿರುವಾಗಲೇ ಏನಾದರೊಂದು ಅಸಂಬದ್ಧವನ್ನು ಕಂಡು ‘ಇದು ಕನಸು’ ಎಂಬ ಹೊಳಹು ಬರುತ್ತದೆ. ಇನ್ನೊಂದು, ಎಚ್ಚರದಿಂದ ಅರಿವು ಕಡಿಯದಂತೆ ನೇರವಾಗಿ ಒಳಹೋಗುವುದು. ಲಬರ್ಜ್ ಅವರ ಪ್ರಯೋಗಶಾಲೆಯಲ್ಲಿ ಕಣ್ಸನ್ನೆಯಿಂದ ದೃಢಪಟ್ಟ 76 ಅರಿವಿನ ಕನಸುಗಳಲ್ಲಿ ಹೀಗೆ ನೇರವಾಗಿ ಹೊಕ್ಕವು 21.

ಈ ಎರಡನೆಯ ದಾರಿಯಲ್ಲಿ ಇಚ್ಛಾಶಕ್ತಿಗಿಂತ ಗಡಿಯಾರವೇ ಮುಖ್ಯ. ರಾತ್ರಿ ಹತ್ತಕ್ಕೆ ಮಲಗಿ ಎಷ್ಟೇ ಛಲದಿಂದ ಎಚ್ಚರವನ್ನು ಹಿಡಿದಿಟ್ಟರೂ ಫಲ ದೊರೆಯುವುದು ಅಪರೂಪ. ಏಕೆಂದರೆ ಮಲಗಿದವನು ಮೊದಲು ಇಳಿಯುವುದು ಕನಸು ವಿರಳವಾದ ಗಾಢ ನಿದ್ರೆಗೆ. ಕಣ್ಣು ಹೊರಳುವ ನಿದ್ರೆ ಬರುವುದು ಸುಮಾರು 90 ನಿಮಿಷಗಳ ಮೇಲೆ, ಅದೂ ಮೊದಮೊದಲು ಅಲ್ಪಕಾಲ. ಅದರ ಬಹುಪಾಲು ಬೆಳಗಿನ ಜಾವಕ್ಕೆ ಕೂಡಿಬೀಳುತ್ತದೆ. ಐದಾರು ಗಂಟೆ ನಿದ್ರೆ ಮಾಡಿ ಎದ್ದು, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಎಚ್ಚರವಾಗಿದ್ದು ಮತ್ತೆ ಮಲಗಿದರೆ ಕನಸು ಹೊಸ್ತಿಲಿನಲ್ಲೇ ಕಾದಿರುತ್ತದೆ. ಆಗ ಮಾಡಬೇಕಾದುದು ಬಹಳ ಕಡಮೆ: ದೇಹವನ್ನು ಅಲುಗಾಡಿಸದೆ, ಉಸಿರನ್ನು ಎಣಿಸುತ್ತ, ಮೂಡಿ ಮರೆಯಾಗುವ ಚಿತ್ರಗಳನ್ನು ಬೆನ್ನಟ್ಟದೆ ನೋಡುತ್ತಿರುವುದು.

ಬೆಳಗಿನ ಜಾವದ ನಿದ್ರೆಯ ಈ ಗುಣಕ್ಕೆ ಇನ್ನೊಂದು ಮುಖವಿದೆ. ನಮ್ಮ ಬಾಲ್ಯದಲ್ಲಿ ದಾವಣಗೆರೆಯ ಹತ್ತಿ ಗಿರಣಿಗಳು ಹಗಲಿರುಳೂ ನಡೆಯುತ್ತಿದ್ದವು. ನೆರೆಮನೆಯವರೊಬ್ಬರು ರಾತ್ರಿ ಪಾಳಿ ಮುಗಿಸಿ ಬಂದು ಬೆಳಗ್ಗೆ ಮಲಗುವರು. ಒಂದು ದಿನ ಬೆವತು ಎದ್ದು ಕುಳಿತು, “ಎದಿ ಮ್ಯಾಲೆ ಯಾರೋ ಕುಂತಂಗಾತು, ಕೂಗಾಕೂ ಬರಲಿಲ್ಲ” ಎಂದರು. ಅದು ಮರುಕಳಿಸಿತು. ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಕಡೆಗೆ ಮಲಗಲಿಕ್ಕೇ ಹೆದರಿ ಆ ಕೆಲಸವನ್ನೇ ಬಿಟ್ಟರು. ಮನೆಯಲ್ಲಿ ನಾಲ್ಕು ಮಕ್ಕಳಿದ್ದರು. ನಡೆದುದು ಇಷ್ಟೇ: ಮನಸ್ಸು ಎಚ್ಚೆತ್ತಿತ್ತು, ಕನಸಿನ ನಿದ್ರೆಯ ಸ್ನಾಯುಸಡಿಲಿಕೆ ಇನ್ನೂ ಬಿಟ್ಟಿರಲಿಲ್ಲ, ಎದೆಯ ಸ್ನಾಯುಗಳು ಸಡಿಲಗೊಂಡುದು ಭಾರವೆನಿಸಿತು, ಉಳಿದ ಕನಸು ಆ ಭಾರಕ್ಕೆ ರೂಪ ಕೊಟ್ಟಿತು. ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳಲ್ಲಿ ಅದು ತಾನಾಗಿ ಕಳೆಯುತ್ತದೆ. ಹೊತ್ತುಗೆಟ್ಟ ನಿದ್ರೆಯವರಲ್ಲಿ ಇದು ಹೆಚ್ಚು. ಅರಿವಿನಿಂದ ಕನಸನ್ನು ಹೊಗಲೆತ್ನಿಸುವವರೂ ಇದೇ ಬಾಗಿಲಿನಲ್ಲಿ ಇದನ್ನು ಸಂಧಿಸುತ್ತಾರೆ. ಕಾರಣ ತಿಳಿದವರು ಸುಮ್ಮನೆ ಮಲಗಿರುತ್ತಾರೆ.

ಈ ವಿದ್ಯೆ ನಮ್ಮ ನೆರೆಯಲ್ಲಿಯೂ ಇದೆ. ನಾರೋಪರ ಆರು ಯೋಗಗಳಲ್ಲಿ ಸ್ವಪ್ನಯೋಗವೂ ಸೇರಿದ್ದು, ಟಿಬೆಟ್ಟಿನ ತ್ಸೊಂಗ್‌ಖಪ ಅದಕ್ಕೆ ವ್ಯಾಖ್ಯಾನ ಬರೆದರು. ಅವರ ಪರಂಪರೆಯ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಇಂದು ಮುಂಡಗೋಡಿನಲ್ಲಿವೆ. 2013ರ ಜನವರಿಯಲ್ಲಿ ಡ್ರೆಪುಂಗ್ ಮಠದಲ್ಲಿಯೇ ಭಿಕ್ಷುಗಳೂ ವಿಜ್ಞಾನಿಗಳೂ ಸೇರಿ ಮನಸ್ಸಿನ ವಿಷಯವನ್ನು ಚರ್ಚಿಸಿದ್ದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಬಿಂದು ಕುಟ್ಟಿ ಮತ್ತು ಸಂಗಡಿಗರು ವಿಪಶ್ಯನ ಧ್ಯಾನಿಗಳನ್ನು ಪರೀಕ್ಷಿಸಿ, ಅವರಲ್ಲಿ ಗಾಢ ನಿದ್ರೆಯೂ ಕಣ್ಣು ಹೊರಳುವ ನಿದ್ರೆಯೂ ಹೆಚ್ಚೆಂದು 2010ರಲ್ಲಿ ವರದಿ ಮಾಡಿದರು. ಅವರು ಅಳೆದದ್ದು ನಿದ್ರೆಯ ಹಂತಗಳನ್ನು, ಕನಸಿನೊಳಗಿನ ಅರಿವನ್ನಲ್ಲ. ಆ ಅರಿವನ್ನು ವಿಚಾರಿಸಿದ 2019ರ ಅಮೆರಿಕದ ಅಧ್ಯಯನವೊಂದರಲ್ಲಿ ದೀರ್ಘಕಾಲದ ಧ್ಯಾನಿಗಳಿಗೆ ಅರಿವಿನ ಕನಸು ಹೆಚ್ಚೆಂದು ಕಂಡುಬಂದಿತು. ಆದರೆ ಎಂಟು ವಾರಗಳ ತರಬೇತಿಯಿಂದ ಹೊಸಬರಿಗೆ ಏನೂ ಹೆಚ್ಚಲಿಲ್ಲ. ಅವಸರದವರಿಗೆ ಇದು ರುಚಿಸದ ಸುದ್ದಿ.

ನಾವೂ ಅವಸರದವರೇ. ಆರು ವಾರ ನಸುಕಿನ ನಾಲ್ಕೂವರೆಗೆ ಎದ್ದು ಪ್ರಯತ್ನಿಸಿದೆವು. ಮೊದಲ ಹದಿನೈದು ದಿನ ದೊರೆತುದು ಬರಿಯ ನಿದ್ರೆಗೇಡು. ಹಗಲು ಕಚೇರಿಯಲ್ಲಿ ತಪ್ಪುಗಳು. ವಾಹನ ನಡೆಸುವವರು, ಯಂತ್ರದ ಮುಂದೆ ನಿಲ್ಲುವವರು, ಮನೋವ್ಯಾಧಿಗೆ ಔಷಧ ತೆಗೆದುಕೊಳ್ಳುವವರು ಇಂಥ ಸಾಹಸಕ್ಕೆ ಕೈಹಾಕದಿರುವುದೇ ಲೇಸು. ಆಮೇಲೆ ರಜೆಯ ದಿನಗಳಿಗೆ ಮಾತ್ರ ಸೀಮಿತಗೊಳಿಸಿದೆವು. ಐದನೆಯ ವಾರದ ಒಂದು ಭಾನುವಾರ, ಉಸಿರೆಣಿಕೆ ನಲವತ್ತು ದಾಟಿದ್ದಾಗ ಮೈ ಭಾರವಾಯಿತು, ಕಿವಿಯಲ್ಲಿ ಮಗ್ಗದ ಸದ್ದಿನಂಥ ಮೊರೆತ. ನೆರೆಮನೆಯವರ ನೆನಪಾಯಿತು, ಅಲುಗದೆ ಇದ್ದೆವು. ಮುಂದಿನ ಕ್ಷಣ ಹರಿಹರದ ದೇಗುಲದಲ್ಲಿ, 1224ರ ಸುಮಾರಿಗೆ ಪೋಲಾಳ್ವ ದಂಡನಾಥ ಕಟ್ಟಿಸಿದ ಆ ಕಂಬಗಳ ನಡುವೆ, ಅರ್ಧ ಹರಿ ಅರ್ಧ ಹರನಾದ ಮೂರ್ತಿಯೆದುರು ನಿಂತಿದ್ದೆವು. ದಾವಣಗೆರೆಯ ಹಾಸಿಗೆಯಲ್ಲಿ ಮಲಗಿದ್ದೇವೆಂಬುದೂ ಚೆನ್ನಾಗಿ ತಿಳಿದಿತ್ತು. ಕಂಬವನ್ನು ಮುಟ್ಟಿ ನೋಡಿದೆವು, ಕಲ್ಲು ತಣ್ಣಗಿತ್ತು. ಸಂತೋಷ ಉಕ್ಕಿ ಬಂದು ಎಚ್ಚರವಾಗಿಬಿಟ್ಟಿತು. ಹತ್ತು ಸೆಕೆಂಡುಗಳೂ ಆಗಿರಲಾರದು.